ಹರಿಯದ ದಾರ

ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದು ಸಿಂಧೂರಳಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಶ್ವಿನ್ ಡಬ್ಬಿ ಹಿಡಿದು ಐದೂಮುಕ್ಕಾಲಿಗೇ ಚಾಕಣದ ಕಾರ್ಖಾನೆಯ ಬಸ್ಸು ಹತ್ತಿ ಹೋಗಿದ್ದ. ಪಾತ್ರೆಯ ತಳದಲ್ಲಿ ಉಳಿದದ್ದಕ್ಕೆ ಒಂದು ಬೆರಳು ಅದ್ದಿ ನೋಡಿದ್ದರೆ ತಿಳಿಯುತ್ತಿತ್ತು, ಆದರೆ ಅಷ್ಟರಲ್ಲಿ ಪಾತ್ರೆ ತೊಳೆದಾಗಿತ್ತು. ಕೈ ಒಂದು ಕಡೆ, ಮನಸ್ಸು ಒಂದು ಕಡೆ ಇದ್ದರೆ ಹೀಗೇ. ಈ ತಿಂಗಳಿಡೀ ಅವಳ ಮನಸ್ಸು ಅಡುಗೆಮನೆಯ ಕಿಟಕಿಯಾಚೆ, ಮೂರು ಮಹಡಿ ಕೆಳಗೆ, ಸೊಸೈಟಿಯ ಗೇಟಿನ ಪಕ್ಕದ ಇಟ್ಟಿಗೆಕಟ್ಟೆಯ ನಡುವೆ ನಿಂತಿದ್ದ ಎಳೆ ಆಲದ ಮರದಲ್ಲೇ ಇತ್ತು. ಮಳೆ ಹಿಡಿದು ವಾರವಾಗಿದೆ. ಪುಣೆಯ ಕೋಥರೂಡದ ಗುಡ್ಡವೆಲ್ಲ ಹಸಿರು ಹೊದೆಯುತ್ತಿರುವಾಗ ಇದೊಂದು ಮಾತ್ರ ಹಳದಿಗೆ ತಿರುಗುತ್ತಿದೆ. ನಿನ್ನೆ ತುದಿಯ ಎರಡು ಕೊಂಬೆ ಹಳದಿಯಾಗಿದ್ದವು, ಇವತ್ತು ಮೂರು. ನಾಳೆ ವಟಪೂರ್ಣಿಮೆ. ನಾಳೆ ಈ ಕಟ್ಟಡದ ಹೆಂಗಸರೆಲ್ಲ ಹಸಿರು ಬಳೆ ತೊಟ್ಟು, ತಟ್ಟೆಯಲ್ಲಿ ಮಾವಿನಹಣ್ಣು ಇಟ್ಟುಕೊಂಡು ಬಂದು, ಗಂಡಂದಿರ ಆಯಸ್ಸು ಬೇಡುತ್ತಾ ಅದಕ್ಕೆ ದಾರ ಸುತ್ತುತ್ತಾರೆ. ಆ ಮರ ಯಾಕೆ ಸಾಯುತ್ತಿದೆ ಎಂಬುದು ಇಡೀ ಸೊಸೈಟಿಯಲ್ಲಿ ತನಗೊಬ್ಬಳಿಗೇ ಗೊತ್ತು ಎಂದು ಅವಳು ತಿಳಿದಿದ್ದಳು.

ಪುಟ್ಟಿಯನ್ನು ಶಾಲೆಯ ವ್ಯಾನು ಹತ್ತಿಸಿ ಬರುವಾಗ ಕಟ್ಟೆಯ ಹತ್ತಿರ ಗಲಾಟೆ ಕೇಳಿಸಿತು. ಸೊಸೈಟಿಯ ಕಾರ್ಯದರ್ಶಿ ಸ್ನೇಹಲ್ ಒಂದು ಕೈಯಲ್ಲಿ ಸ್ಕೂಟರಿನ ಕೀಲಿ, ಇನ್ನೊಂದರಲ್ಲಿ ಹಳದಿ ಎಲೆ ಹಿಡಿದು ಮಾಲಿ ಅಂಬಾದಾಸನ ಮೇಲೆ ಕೂಗಾಡುತ್ತಿದ್ದಳು. ಅಂಬಾದಾಸ ಕಲಬುರಗಿ ಕಡೆಯವನು, ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಗಿದೆ. ತರಕಾರಿ ಗಾಡಿಯವನ ಹತ್ತಿರ ಮರಾಠಿಯಲ್ಲಿ ತಮಾಷೆ ಮಾಡುತ್ತಾನೆ. ಆದರೆ ಯಾರಾದರೂ ಬೈಯಲು ಶುರು ಮಾಡಿದರೆ ಸಾಕು, ಅವನಿಗೆ ಕನ್ನಡವೊಂದನ್ನು ಬಿಟ್ಟು ಏನೂ ಬರುವುದಿಲ್ಲ.

"ಅಗ ಸಿಂಧೂರಾ, ಬರಂ ಝಾಲಂ ಆಲೀಸ! ಯಾಲಾ ಜರಾ ಸಾಂಗ," ಎಂದಳು ಸ್ನೇಹಲ್. ಬಂದದ್ದು ಒಳ್ಳೆಯದಾಯಿತು, ಇವನಿಗೊಂದಿಷ್ಟು ಹೇಳು ಎಂದು. ಆಮೇಲೆ ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಕಾರು ತೊಳೆದ ಸಾಬೂನಿನ ನೀರನ್ನು ಇವನು ಮರದ ಬುಡಕ್ಕೆ ಬಿಟ್ಟಿದ್ದಾನೆ, ಬೇರು ಕೊಳೆತಿದೆ. ನಾಳೆಯ ಪೂಜೆ ಹೇಗೋ ಮುಗಿಯಲಿ, ನಾಡಿದ್ದು ಕಡಿಸಲು ಪಾಲಿಕೆಗೆ ಅರ್ಜಿ ಕೊಡುವುದೇ. ಒಂದು ಮರ ಸಾಕಲು ಬಾರದವನು ತಿಂಗಳ ಕೊನೆಗೆ ಬೇರೆ ಕೆಲಸ ನೋಡಿಕೊಳ್ಳಲಿ.

ಸಿಂಧೂರ ಅದನ್ನು ಆದಷ್ಟು ಮೆತ್ತಗೆ ಮಾಡಿ ಕನ್ನಡದಲ್ಲಿ ಹೇಳಿದಳು. ಅಂಬಾದಾಸ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ.

"ಸ್ನೇಹಲ್ ಬಾಯಾರಿಗೆ ಹೇಳ್ರಿ ಅಕ್ಕಾರ. ಸಾಬೂನ್ ನೀರು ನಾ ಹಾಕಿಲ್ಲ. ಬುಡದಾಗ ಏನೂ ಆಗಿಲ್ಲ ಇದಕ್ಕ. ಇದರ ಕುತ್ತಿಗಿ ನೋಡ್ರಿ ಅಂತ ಹೇಳ್ರಿ."

"ಕಾಯ್ ಮ್ಹಣತೋಯ್?" ಏನಂತಾನೆ ಎಂದು ಸ್ನೇಹಲ್ ಕೇಳಿದಳು.

ಸಿಂಧೂರ ಮರದ ಕಡೆ ನೋಡದೆ, "ಸಾಬೂನು ನೀರು ಹಾಕಿಲ್ಲವಂತೆ," ಎಂದು ಮರಾಠಿಯಲ್ಲಿ ಹೇಳಿ ಅಲ್ಲಿಗೇ ನಿಲ್ಲಿಸಿದಳು.

ಸ್ನೇಹಲ್ ಸ್ಕೂಟರು ಹತ್ತಿ ಹೋದಳು. ಅಂಬಾದಾಸ ಸಿಂಧೂರಳ ಮುಖವನ್ನೇ ನೋಡಿದ. ಅವನಿಗೆ ಮರಾಠಿ ಬರುತ್ತದೆ ಎಂಬುದು ಮೆಟ್ಟಿಲು ಹತ್ತುವಾಗ ಅವಳಿಗೆ ಮತ್ತೆ ನೆನಪಾಯಿತು. ತಾನು ಬಿಟ್ಟದ್ದು ಯಾವ ಮಾತು ಎಂದು ಅವನು ಕೇಳಿಸಿಕೊಂಡಿದ್ದಾನೆ. ಎರಡು ವರ್ಷದ ಹಿಂದೆ ಇದೇ ಅಂಬಾದಾಸ ಪೂಜೆಯಾದ ಮಾರನೆಯ ವಾರ ಕತ್ತರಿ ತಂದು ಹಳೆ ದಾರಗಳನ್ನು ಬಿಡಿಸಲು ಹೊರಟಿದ್ದ. ಹೆಂಗಸರೆಲ್ಲ ಬಾಲ್ಕನಿಗಳಿಂದಲೇ ಕೂಗಿದ್ದರು. ಕಟ್ಟಿದ ದಾರಕ್ಕೆ ಕತ್ತರಿ ಹಾಕುತ್ತಾರೆಯೇ, ಅಪಶಕುನ, ಮುಟ್ಟಬೇಡ ಅನ್ನು ಅವನಿಗೆ! ಅವತ್ತೂ ದುಭಾಷಿಯಾದವಳು ಇವಳೇ. ಅವತ್ತು ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ, ತನ್ನ ಕಡೆಯಿಂದ ಎರಡು ಮಾತು ಸೇರಿಸಿಯೇ ಹೇಳಿದ್ದಳು.

ಹಾಸಿಗೆ ಮಡಚಿದಳು. ಒದ್ದೆ ಬಟ್ಟೆಗಳನ್ನು ಫ್ಯಾನಿನ ಕೆಳಗೆ ಹರಡಿದಳು. ಮಳೆಗಾಲದಲ್ಲಿ ಈ ಮನೆಯಲ್ಲಿ ಬಟ್ಟೆ ಒಣಗುವುದೆಂಬುದೇ ಇಲ್ಲ, ಹಳೆಯದಾಗುತ್ತದೆ ಅಷ್ಟೆ. ಅಶ್ವಿನ್‌ನ ನೀಲಿ ಅಂಗಿಯ ಕಾಲರು ತಿಕ್ಕುವಾಗ ಆ ಕಾಲರಿನೊಳಗೆ ಕುತ್ತಿಗೆ ಕಡ್ಡಿಯಂತಾಗಿದ್ದ ದಿನಗಳು ಬಂದು ನಿಂತವು. ಆಗ ಪುಣೆಗೆ ಬಂದು ವರ್ಷವಾಗಿತ್ತಷ್ಟೆ. ನಂಜನಗೂಡಿನ ಅವಳ ತವರಿನಲ್ಲಿ ಈ ಪೂಜೆಯಿರಲಿಲ್ಲ, ಭೀಮನ ಅಮಾವಾಸ್ಯೆಗೆ ಗಂಡನ ಪಾದ ತೊಳೆದರೆ ಮುಗಿಯಿತು. ಇಲ್ಲಿ ಪಕ್ಕದ ಮನೆಯವರು ಕರೆದರು, ಇವಳು ಹೋದಳು. ಎಲ್ಲರೂ ಮೂಗಿಗೆ ನತ್ತು ಹಾಕಿ ಬಂದಿದ್ದರೆ ಇವಳು ಮನೆಯಲ್ಲುಡುವ ಸೀರೆಯಲ್ಲೇ ಹೋಗಿ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಸುತ್ತುವಾಗ ಮೂರನೆಯ ಸುತ್ತಿಗೆ ಹತ್ತಿಯ ದಾರ ಕೈಯಲ್ಲೇ ಹರಿಯಿತು. "ಅಯ್ಯಾ, ತುಟ್ಲಾ!" ಹರಿದೇಹೋಯಿತು, ಎಂದಿತು ಹಿಂದಿನಿಂದ ಒಂದು ದನಿ. ಆಮೇಲೆ ಯಾರೂ ಏನೂ ಅನ್ನಲಿಲ್ಲ. ಆ ಏನೂ ಅನ್ನದಿರುವಿಕೆಯನ್ನು ಅವಳು ಮನೆಗೆ ಹೊತ್ತು ತಂದಳು. ಆಗಸ್ಟಿನಲ್ಲಿ ಅಶ್ವಿನ್‌ಗೆ ಡೆಂಗ್ಯೂ ಬಂತು. ಹನ್ನೊಂದು ದಿನ ಆಸ್ಪತ್ರೆ. ದಿನಾ ಬೆಳಿಗ್ಗೆ ನರ್ಸು ಹೇಳುವ ಪ್ಲೇಟ್‌ಲೆಟ್ ಸಂಖ್ಯೆ ಒಂದೊಂದು ಮೆಟ್ಟಿಲು ಇಳಿಯುತ್ತಿದ್ದರೆ ಇವಳಿಗೆ ಕೈಯಲ್ಲಿ ಆ ದಾರದ ತುಂಡು ತುದಿಯೇ ಚುಚ್ಚಿದಂತಾಗುತ್ತಿತ್ತು.

ಅವನು ಬದುಕಿ ಬಂದ. ಮರುವರ್ಷ ಅವಳು ರವಿವಾರ ಪೇಠಕ್ಕೆ ಹೋಗಿ ಮಣಿ ಪೋಣಿಸುವ ನೈಲಾನ್ ದಾರದ ಒಂದು ಉಂಡೆ ತಂದಳು. ಆನೆ ಎಳೆದರೂ ಹರಿಯೋಲ್ಲ ಎಂದಿದ್ದ ಅಂಗಡಿಯವನು. ಹತ್ತಿ ದಾರದ ಜೊತೆಗೆ, ಸೆರಗಿನ ಮರೆಯಲ್ಲಿ, ಅದನ್ನೂ ಬಿಗಿಯಾಗಿ ಏಳು ಸುತ್ತು ಸುತ್ತಿ, ಮೂರು ಗಂಟು ಹಾಕಿದಳು. ಕಣ್ಣಿಗೆ ಕಾಣದ ದಾರ. ಆಗ ಮರದ ಕಾಂಡ ಅವಳ ತೋಳಿನಷ್ಟಿತ್ತು. ಅಲ್ಲಿಂದ ಮೂರು ವರ್ಷ ಅಶ್ವಿನ್‌ಗೆ ನೆಗಡಿಯೂ ಬರಲಿಲ್ಲ. ಉಳಿದವರ ದಾರಗಳೆಲ್ಲ ಮಳೆಗೆ ಕೊಳೆತು ಉದುರಿದವು, ಹೊಸವು ಬಂದವು. ಅವುಗಳ ಅಡಿಯಲ್ಲಿ ಮರ ದಪ್ಪಗಾಗುತ್ತಾ, ಆ ಒಂದು ದಾರವನ್ನು ಮಾತ್ರ ಮೈಯೊಳಗೆ ನುಂಗುತ್ತಾ ಬಂತು.

ಪುಟ್ಟಿಯ ಪುಸ್ತಕಗಳು ಊಟದ ಮೇಜಿನ ಮೇಲೇ ಬಿದ್ದಿದ್ದವು. ವಿಜ್ಞಾನದ ನೋಟುಪುಸ್ತಕ ತೆರೆದೇ ಇತ್ತು. ಹಾಳೆಯ ತುಂಬ ಒಂದು ಮರ, ಮರದೊಳಗೆ ಎರಡು ಕೊಳವೆ. ಒಂದು ನೀಲಿ, ಒಂದು ಕೆಂಪು. ರಾತ್ರಿ ಊಟ ಮಾಡುತ್ತಾ ಪುಟ್ಟಿ ಬಾಯಿತುಂಬ ಅನ್ನ ಇಟ್ಟುಕೊಂಡೇ ಪಾಠ ಒಪ್ಪಿಸಿದ್ದಳು. "ನೀಲಿ ಒಳಗಡೆ ಕಟ್ಟಿಗೇಲಿರುತ್ತೆ ಅಮ್ಮಾ. ಬೇರಿಂದ ನೀರು, ಮಣ್ಣಿನ ಸತ್ವ ಎಲ್ಲ ಅದರಲ್ಲೇ ಮೇಲಕ್ಕೆ ಹೋಗೋದು. ಯಾರೂ ತಳ್ಳಲ್ಲ ಗೊತ್ತಾ? ಎಲೆಯಿಂದ ನೀರು ಆವಿಯಾಗಿ ಹೋಗುತ್ತಲ್ಲ, ಹಿಂದಿನ ಹನಿ ಮುಂದಿನ ಹನಿ ಕೈ ಹಿಡ್ಕೊಂಡು ಮೇಲೆ ಬರುತ್ತೆ. ಕೆಂಪು ತೊಗಟೆ ಕೆಳಗೇ ಇರುತ್ತೆ. ಎಲೆ ಅಡುಗೆ ಮಾಡಿ ಅದರಲ್ಲಿ ಬೇರಿಗೆ ಕಳಿಸುತ್ತೆ, ನೀನು ಅಪ್ಪಂಗೆ ಡಬ್ಬಿ ಕಳಿಸ್ತೀಯಲ್ಲ ಹಾಗೆ."

"ಸುತ್ತಲೂ ತೊಗಟೆ ಹೋದರೆ?" ಎಂದು ಸಿಂಧೂರ ಕೇಳಿದ್ದಳು.

"ಬೇರಿಗೆ ಉಪವಾಸ. ಆದ್ರೆ ನೀಲಿ ಕೊಳವೆ ಒಳಗಿದೆಯಲ್ಲ, ನೀರು ಹೋಗ್ತಾನೇ ಇರುತ್ತೆ. ಅದಕ್ಕೇ ಎಲೆಯೆಲ್ಲ ತುಂಬಾ ದಿನ ಹಸಿರಾಗೇ ಇರುತ್ತಂತೆ. ಮೇಲಿರೋರಿಗೆ ಗೊತ್ತೇ ಆಗಲ್ಲ. ಅಮ್ಮಾ, ಇನ್ನೊಂಚೂರು ತುಪ್ಪ."

ಮೇಲಿರೋರಿಗೆ ಗೊತ್ತೇ ಆಗಲ್ಲ. ಮೂರು ವರ್ಷದಿಂದ ಈ ಕಿಟಕಿಯಲ್ಲಿ ನಿಂತು ಆ ಹಸಿರನ್ನು ನೋಡಿ ನೋಡಿ ಅವಳು ಸಮಾಧಾನ ಪಡುತ್ತಿದ್ದಳು. ಎಲೆ ಹಸಿರಾಗಿದೆ, ಅಶ್ವಿನ್ ಚೆನ್ನಾಗಿದ್ದಾನೆ. ಈಗ ಬೇರುಗಳು ಕತ್ತಲಲ್ಲಿ ಬಾಯಿ ತೆರೆದುಕೊಂಡು ಬಾರದ ಡಬ್ಬಿಗೆ ಕಾಯುತ್ತಿರುವುದು ಕಂಡಂತಾಗಿ, ಅವಳು ನೋಟುಪುಸ್ತಕ ಮುಚ್ಚಿದಳು. ಮುಚ್ಚಿದ ಮೇಲೆ ಇನ್ನೂ ಸ್ಪಷ್ಟವಾಗಿ ಕಂಡಿತು. ಕತ್ತರಿಸಿಬಿಟ್ಟರೆ? ಎಷ್ಟು ಸಲ ಈ ಯೋಚನೆ ಬಂದಿದೆ, ಎಷ್ಟು ಸಲ ಅವಳು ಕತ್ತರಿಯ ಹತ್ತಿರ ಹೋಗಿ ಹಿಂದೆ ಬಂದಿದ್ದಾಳೆ. ದಾರ ತಾನಾಗಿ ಹರಿದದ್ದಕ್ಕೇ ಹನ್ನೊಂದು ದಿನ. ತಾನೇ ಕೈಯಾರೆ ಕತ್ತರಿಸಿದರೆ ಎಷ್ಟು ದಿನ? ಇದು ಮೂಢತನ ಎಂದು ಅವಳಿಗೆ ಗೊತ್ತಿತ್ತು. ಅವಳು ಬಿ.ಎಸ್ಸಿ. ಓದಿದವಳು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಬಿ.ಎಸ್ಸಿ. ಎಲ್ಲಿ ಹೋಗುತ್ತದೋ ಯಾರು ಬಲ್ಲರು.

ತೊಗರಿಬೇಳೆ ಆರಿಸಲು ಕೂತಳು. ಮೊರದಲ್ಲಿ ಬೇಳೆ ಜಾರುವ ಸದ್ದಿಗೆ ತವರಿನ ಹಿತ್ತಲು ಬಂತು, ಅಲ್ಲಿ ಅಮ್ಮ ದಾಳಿಂಬೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಸಣ್ಣ ಚಾಕುವಿನಿಂದ ಒಂದು ಕೊಂಬೆಯ ತೊಗಟೆಯನ್ನು ಬಳೆಯಗಲ ಕೆತ್ತಿ ತೆಗೆಯುತ್ತಿದ್ದಾಳೆ. ಬಿಳಿಯ ಒಳಮೈ ಕಂಡು ಏಳು ವರ್ಷದ ಸಿಂಧೂರ ಅತ್ತಿದ್ದಳು. ಅಮ್ಮ ನಕ್ಕು, ಆ ಗಾಯಕ್ಕೆ ಕೆಮ್ಮಣ್ಣು ಸಗಣಿ ಮೆತ್ತಿ, ಗೋಣಿಬಟ್ಟೆ ಸುತ್ತಿದ್ದಳು. "ಗೂಟಿ ಕಟ್ಟೋದು ಅಂತಾರೆ ಕಣೇ ಇದಕ್ಕೆ. ಎಲೆಯಿಂದ ಬರೋ ಊಟ ಇಲ್ಲಿವರೆಗೆ ಬರುತ್ತೆ, ಮುಂದಕ್ಕೆ ದಾರಿ ಇಲ್ಲ. ಸುಮ್ನೆ ಕೂರುತ್ತಾ? ಅಲ್ಲೇ ಬೇರು ಬಿಡುತ್ತೆ. ಗಿಡ ಬುದ್ಧಿವಂತ ಕಣೇ, ನಮ್ಮಷ್ಟು ಅಳೋದಿಲ್ಲ." ಎರಡು ತಿಂಗಳಿಗೆ ಗೋಣಿ ಬಿಚ್ಚಿದಾಗ ಬಿಳಿಯ ಬೇರುಗಳು ಮಗುವಿನ ಬೆರಳುಗಳಂತೆ ಮಣ್ಣು ಹಿಡಿದುಕೊಂಡಿದ್ದವು.

ಬೇಳೆಯ ಮೊರ ಹಾಗೇ ಬಿಟ್ಟು ಸಿಂಧೂರ ಎದ್ದಳು. ಮಣಿಯ ಪೆಟ್ಟಿಗೆಯಿಂದ ಸಣ್ಣ ಕತ್ತರಿ ತೆಗೆದು, ಫೋನು ಹಿಡಿದು, ಚಪ್ಪಲಿ ಅದಲುಬದಲು ಮೆಟ್ಟಿ ಕೆಳಗಿಳಿದಳು.

ಅಂಬಾದಾಸ ಪಂಪುಮನೆಯ ಮೆಟ್ಟಿಲ ಮೇಲೆ ಕೂತು ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದ. ಅವಳನ್ನು ನೋಡಿ ಏಳಲು ಹೋದ.

"ಕೂತ್ಕೊಳ್ಳಿ ಅಂಬಾದಾಸ್. ಊಟ ಮಾಡಿ." ಅವಳು ಕಟ್ಟೆಯ ಕಡೆ ತಿರುಗಿ ನಿಂತು ಹೇಳಿದಳು, ಅವನ ಮುಖ ನೋಡಿದರೆ ಆಗುತ್ತಿರಲಿಲ್ಲ. "ಆ ಮರದ ಕುತ್ತಿಗೇಲಿ ನೈಲಾನ್ ದಾರ ಇದೆ. ಕಟ್ಟಿದ್ದು ನಾನೇ. ಬೆಳಿಗ್ಗೆ ನೀವು ಹೇಳಿದ್ದನ್ನ ನಾನು ಅವರಿಗೆ ಹೇಳಲಿಲ್ಲ."

"ಹೇಳ್ಲಿಲ್ಲ, ಹೌದ್ರಿ," ಎಂದ ಅಂಬಾದಾಸ. ರೊಟ್ಟಿ ಮುರಿದ. "ದಾರ ಇದ್ದದ್ದು ನಂಗ ಹೋದ ದೀಪಾವಳಿಗೇ ಗೊತ್ತಾಗ್ಯದ. ಬಿಸಲಿಗೆ ಮಿಂಚತಿತ್ತು."

ಅವಳು ತಿರುಗಿದಳು. "ಮತ್ತೆ ಕತ್ತರಿಸಲಿಲ್ಲ ಯಾಕೆ? ಬೈಗುಳ ತಿಂದ್ರಿ, ಕೆಲಸ ಹೋಗುತ್ತೆ ಅಂದ್ರು."

"ಹೆಂಗ ಕತ್ತರಸ್ಲಿ ಅಕ್ಕಾರ? ಯಾರ ಗಂಡನ ಜೀವ ಅದರಾಗ ಕಟ್ಯಾರೋ ಏನೋ. ಮುಟ್ಟಬ್ಯಾಡ ಅಂತ ನೀವಽ ಹೇಳಿದ್ರಿ. ಮನ್ಯಾಗ ಹೆಂಡ್ತಿ ಮರೆಮ್ಮಗ ಕೇಳ್ದೆ. ಕಟ್ಟಿದಾಕೀನ ಬಿಚ್ಚಬೇಕು, ನೀ ಕೈ ಹಚ್ಚಿದ್ರ ನಾ ರೊಟ್ಟಿ ಬಡ್ಯಂಗಿಲ್ಲ ಅಂದಳು." ಅವನು ನಕ್ಕ. "ಆಕಿ ರೊಟ್ಟಿ ಇಲ್ದ ನಾ ಬದಕೂದಿಲ್ರಿ."

ಇಷ್ಟು ದಿನ ತನ್ನೊಬ್ಬಳದೇ ಎಂದುಕೊಂಡಿದ್ದ ಹೆದರಿಕೆಯನ್ನು ಇನ್ನೊಬ್ಬ ಮನುಷ್ಯ, ಯಾರ ಹೆದರಿಕೆ ಎಂದೂ ತಿಳಿಯದೆ, ಕಾಯುತ್ತಾ ಬಂದಿದ್ದ. ಅಂಬಾದಾಸ ಕೈ ತೊಳೆದು ಸೊಂಟದಿಂದ ಕಸಿಯ ಚಾಕು ತೆಗೆದ. ಇಬ್ಬರೂ ಮರದ ಹತ್ತಿರ ಹೋದರು. ಹಳೆ ದಾರದ ಕೊಳೆತ ಪದರುಗಳನ್ನು ಅವನು ಬಿಡಿಸಿದಾಗ ಅದು ಕಂಡಿತು. ಎದೆಯೆತ್ತರದಲ್ಲಿ ಕಾಂಡದ ಸುತ್ತ ಆಳವಾದ ಒಂದು ಗೆರೆ, ಅದರ ಮೇಲೆ ದಪ್ಪನೆ ಉಬ್ಬಿ ಬಾಗಿದ ತುಟಿ. ಕೆಳಗಿನ ಕಾಂಡ ಮೇಲಿನದಕ್ಕಿಂತ ತೆಳ್ಳಗಿತ್ತು, ದೊಡ್ಡ ಅಂಗಿ ಹಾಕಿದ ರೋಗಿಯಂತೆ. ಅವನು ತುಟಿಯ ಅಂಚನ್ನು ಅಲ್ಲಲ್ಲಿ ಸೀಳಿ ದಾರ ಮೇಲೆ ತಂದುಕೊಟ್ಟು ಸರಿದು ನಿಂತ.

"ನೀವಽ ಮಾಡ್ರಿ."

ಅವಳು ಅಶ್ವಿನ್‌ಗೆ ಫೋನು ಮಾಡಿದಳು. ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಕತ್ತರಿ ತೆರೆದಳು.

"ಏನೇ, ಈ ಹೊತ್ತಲ್ಲಿ? ಪುಟ್ಟಿ ಸರಿಯಾಗಿದ್ದಾಳಾ?" ಎಂದ ಅಶ್ವಿನ್. ಹಿಂದೆ ಕ್ಯಾಂಟೀನಿನ ತಟ್ಟೆಗಳ ಸದ್ದು.

"ಸರಿಯಾಗಿದ್ದಾಳೆ. ರೀ, ಊಟ ಆಯ್ತಾ?" ಮೊದಲನೆಯ ಎಳೆ ಟಿಕ್ ಎಂದಿತು.

"ಮಾಡ್ತಾ ಇದ್ದೀನಿ."

"ಮಾತಾಡ್ತಾ ಇರಿ. ಇಡಬೇಡಿ." ಎರಡು. ಮೂರು. ಮೂರನೆಯದು ಗಟ್ಟಿಯಾಗಿತ್ತು, ಕತ್ತರಿ ಎರಡು ಸಲ ಹಾಕಬೇಕಾಯಿತು.

"ಏನ್ ಮಾತಾಡ್ಲಿ? ಬಾಯಲ್ಲಿ ಅನ್ನ ಇದೆ."

"ಅಗಿಯೋದೇ ಕೇಳಿಸ್ಲಿ." ನಾಲ್ಕು.

"ಹುಚ್ಚು ಹಿಡಿತೇನೇ ನಿಂಗೆ?" ಅವನು ನಕ್ಕ, ನಗುವಾಗ ನೆತ್ತಿ ಹತ್ತಿ ಕೆಮ್ಮಿದ. ಅವಳ ಕೈ ನಿಂತಿತು. ಐದನೆಯ ಎಳೆ ಕತ್ತರಿಯ ಬಾಯಲ್ಲಿತ್ತು. ಅವನು ಕೆಮ್ಮಿದ, ಮತ್ತೆ ಕೆಮ್ಮಿದ, ನೀರು ಕುಡಿದ ಗುಟುಕು ಗುಟುಕು ಸದ್ದು ಎಷ್ಟೋ ಹೊತ್ತು ಬಂತು. ಅಂಬಾದಾಸ ಮೇಲೆ ಎಲೆಗಳನ್ನು ನೋಡುತ್ತಾ ನಿಂತಿದ್ದ, ಏನೂ ಕೇಳಿಸದವನಂತೆ.

"ಹ್ಞಾ, ಹೇಳು," ಎಂದ ಅಶ್ವಿನ್.

ಐದು. ಆರು. ಏಳು. ಅಂಬಾದಾಸ ತುದಿ ಹಿಡಿದು ಎಳೆದ. ಮೂರು ವರ್ಷದ ದಾರ ಸುರುಳಿ ಸುರುಳಿಯಾಗಿ, ತೊಗಟೆಯ ಹಾಲು ಅಂಟಿಸಿಕೊಂಡು, ಆದರೂ ಹೊಸದರಂತೆ ಹೊಳೆಯುತ್ತಾ ಹೊರಗೆ ಬಂತು.

"ಅಂದಹಾಗೆ, ಹುಳಿಗೆ ಉಪ್ಪೇ ಹಾಕಿಲ್ಲ ನೀನು," ಎಂದ ಅಶ್ವಿನ್.

"ಗೊತ್ತಾಗ್ಲಿಲ್ಲ. ತಿನ್ನಬೇಡಿ ಹಾಗಾದ್ರೆ."

"ಆಗ್ಲೇ ಮುಗೀತಲ್ಲ. ಹಸಿವಾಗಿತ್ತು."

ಅವಳು ಕಟ್ಟೆಯ ಮೇಲೆ ಕೂತುಬಿಟ್ಟಳು. ಅವನು ಫೋನಿಟ್ಟ ಮೇಲೂ ಕಿವಿಯಿಂದ ತೆಗೆಯಲಿಲ್ಲ.

"ಅಕ್ಕಾರ, ಇಲ್ಲಿ ಬರ್ರಿ," ಎಂದು ಅಂಬಾದಾಸ ಕರೆದ. ಉಬ್ಬಿದ ತುಟಿಯ ಮೇಲ್ಭಾಗದಲ್ಲಿ, ಕಾಂಪೌಂಡು ಗೋಡೆಯ ಕಡೆಗೆ, ಕೊಳೆತ ದಾರ ತೆಗೆದ ಜಾಗದಲ್ಲಿ, ನಸುಗೆಂಪು ಬಣ್ಣದ ನಾಲ್ಕೈದು ಮೊನೆಗಳು ಚರ್ಮ ಒಡೆದು ಹೊರಬಂದಿದ್ದವು. ಒಂದು ಕಿರುಬೆರಳಿನಷ್ಟು ಉದ್ದವಿತ್ತು. "ಬಿಳಲು ನೋಡ್ರಿ. ಮ್ಯಾಲಿನ ಊಟ ಕೆಳಗ ಹೋಗ್ಲಾಕ ಹಾದಿ ಇಲ್ದ ಇಲ್ಲೇ ಬೇರ ಒಡದದ. ಇದು ನೆಲಾ ಮುಟ್ಟಿತಂದ್ರ ಗಿಡ ಬದಕತದ. ಮುಟ್ಟಬೇಕು ಅಷ್ಟ. ಹಳೀ ಬೇರ ಅಲ್ಲಿತನ ತಡಕೋಬೇಕು."

ಅವಳು ಮುಟ್ಟಲಿಲ್ಲ. ಹತ್ತಿರ ಬಾಗಿ ನೋಡಿದಳು. ಗೋಣಿ ಬಿಚ್ಚುವಾಗ ಅಮ್ಮ ಉಸಿರು ಬಿಗಿಹಿಡಿದಿದ್ದಳು, ಅದು ಈಗ ನೆನಪಾಯಿತು.

ಸ್ಕೂಟರಿನ ಸದ್ದು ಕೇಳಿತು. ಸ್ನೇಹಲ್ ತರಕಾರಿ ಚೀಲದೊಂದಿಗೆ ಬಂದು, ಕಟ್ಟೆಯ ಮೇಲಿನ ದಾರವನ್ನೂ ಚಾಕುವನ್ನೂ ನೋಡಿ ನಿಂತಳು. ಸಿಂಧೂರ ತನ್ನ ಮುರುಕು ಮರಾಠಿಯಲ್ಲಿ ಎಲ್ಲ ಹೇಳಿದಳು. ಮೊದಲ ವರ್ಷ ಹರಿದದ್ದು, ಆಸ್ಪತ್ರೆ, ರವಿವಾರ ಪೇಠ, ಬೆಳಿಗ್ಗೆ ನುಂಗಿದ ಮಾತು. ಲಿಂಗ ವಚನಗಳೆಲ್ಲ ತಪ್ಪುತ್ತಿದ್ದವು, ಅವಳು ತಿದ್ದಿಕೊಳ್ಳಲಿಲ್ಲ. ಇವನದೇನೂ ತಪ್ಪಿಲ್ಲ ಎಂದು ಎರಡು ಸಲ ಹೇಳಿದಳು.

"ಬೆಳಿಗ್ಗೆ ಯಾಕೆ ಹೇಳಲಿಲ್ಲ?" ಎಂದು ಸ್ನೇಹಲ್ ಕೇಳಿದಳು. ಸಿಂಧೂರ ತಲೆ ತಗ್ಗಿಸಿದಳು. ಸ್ನೇಹಲ್ ಆ ದಾರವನ್ನು ಎತ್ತಿ, ಎರಡೂ ಕೈಯಲ್ಲಿ ಎಳೆದು ನೋಡಿದಳು. ಅದು ಹರಿಯಲಿಲ್ಲ. ಕೆಳಗಿಟ್ಟು, ಚಪ್ಪಲಿ ಟಪಟಪ ಮಾಡುತ್ತಾ ಮೆಟ್ಟಿಲು ಹತ್ತಿ ಹೋದಳು. ಆ ಸದ್ದು ಎರಡನೆಯ ಮಹಡಿಯಲ್ಲಿ ನಿಲ್ಲುವವರೆಗೂ ಸಿಂಧೂರ ತಲೆಯೆತ್ತಲಿಲ್ಲ. ನಾಳೆ ಎಲ್ಲರಿಗೂ ಗೊತ್ತಾಗಿರುತ್ತದೆ. ಗೊತ್ತಾಗಲಿ.

ಕಾಲು ಗಂಟೆಯ ಮೇಲೆ ಸ್ನೇಹಲ್ ಮತ್ತೆ ಇಳಿದು ಬಂದಳು. ಕೈಯಲ್ಲಿ ಬಚ್ಚಲು ರಿಪೇರಿಯಲ್ಲಿ ಉಳಿದ ಪ್ಲಾಸ್ಟಿಕ್ ಪೈಪಿನ ತುಂಡು, ಅವಳ ಭುಜದೆತ್ತರದ್ದು. ಸಿಂಧೂರಳ ಕಡೆ ನೋಡದೆ ಅಂಬಾದಾಸನ ಮುಂದೆ ಅದನ್ನು ಹಿಡಿದು, ಬಿಳಲನ್ನು ಇದರೊಳಗೆ ಇಳಿಸಿ ಮಣ್ಣು ತುಂಬಿದರೆ ಬೇಗ ನೆಲ ಮುಟ್ಟುತ್ತದಲ್ಲವೇ, ತನ್ನ ಅಜ್ಜಿಯ ಹಳೇ ವಾಡೆ ಮನೆಯಲ್ಲಿ ಬಿದಿರಿನ ಕೊಳವೆಯಿಂದ ಹಾಗೆ ಮಾಡಿದ್ದರು, ಎಂದು ಮರಾಠಿಯಲ್ಲಿ ಹೇಳಿ, "ಹೇ ಚಾಲೇಲ ಕಾ?" ಎಂದಳು. ಇದು ನಡೆಯುತ್ತದಾ?

"ಚಾಲೇಲ, ತಾಯಿ! ಏಕದಮ ಚಾಲೇಲ!" ಎಂದುಬಿಟ್ಟ ಅಂಬಾದಾಸ.

ಸ್ನೇಹಲ್ ಸೊಂಟದ ಮೇಲೆ ಕೈಯಿಟ್ಟಳು. "ತುಲಾ ಮರಾಠೀ ಯೇತಂ?" ನಿನಗೆ ಮರಾಠಿ ಬರುತ್ತದಾ?

ಅಂಬಾದಾಸ ಪೈಪಿನೊಳಗೆ ಕಣ್ಣಿಟ್ಟು ಏನೋ ಹುಡುಕತೊಡಗಿದ. "ಏನಂತಾರ್ರಿ ಅಕ್ಕಾರ ಬಾಯಾರು?" ಎಂದ.

ಮೊದಲು ನಕ್ಕವಳು ಸ್ನೇಹಲ್.

ಮರುದಿನ ಬೆಳಿಗ್ಗೆ ಸಣ್ಣ ಮಳೆಯಿತ್ತು. ಹಿಂದಿನ ಸಂಜೆ ಅಶ್ವಿನ್‌ಗೆ ಎಲ್ಲ ಹೇಳಿದಾಗ ಅವನು, "ಮೂರು ವರ್ಷ ಒಬ್ಬಳೇ ಹೆದರ್ಕೊಂಡಿದ್ದೆಯಾ? ನನ್ನನ್ನ ಕೇಳಿದ್ರೆ ನಾನೂ ಸ್ವಲ್ಪ ಹೆದರ್ತಿದ್ನಲ್ಲೇ," ಎಂದಿದ್ದ. ಆ ಮಾತನ್ನು ಬಾಯಲ್ಲಿ ಸಕ್ಕರೆಯಂತೆ ಇಟ್ಟುಕೊಂಡು ಅವಳು ಕೆಳಗಿಳಿದಳು. ಹೆಂಗಸರು ಸೇರಿದ್ದರು. ಒಬ್ಬಿಬ್ಬರು ಅವಳನ್ನು ಕಂಡು ಮಾತು ನಿಲ್ಲಿಸಿದರು. ಮರದ ಗೋಡೆಯ ಕಡೆಗೆ ಪೈಪು ನೆಟ್ಟಗೆ ನಿಂತಿತ್ತು, ಬಾಯಲ್ಲಿ ಕೆಮ್ಮಣ್ಣು, ಅದರೊಳಗೆ ಆ ಕೆಂಪು ಮೊನೆ. ಉಳಿದ ಮೊನೆಗಳಿಗೆ ಅಂಬಾದಾಸ ಒದ್ದೆ ಗೋಣಿ ಹೊದಿಸಿದ್ದ. ದಾರವನ್ನು ಕಾಂಡಕ್ಕಲ್ಲ, ಕಟ್ಟೆಯ ಹೊರಸುತ್ತಿಗೆ ಸುತ್ತಬೇಕೆಂದು ಸ್ನೇಹಲ್ ಬೆಳಿಗ್ಗೆಯೇ ಎಲ್ಲರಿಗೂ ತಾಕೀತು ಮಾಡಿದ್ದಳಂತೆ. ದೀಪಾವಳಿಯವರೆಗೆ ಅರ್ಜಿಯ ಮಾತಿಲ್ಲ ಎಂದೂ ಹೇಳಿದ್ದಳಂತೆ. ಅಂಬಾದಾಸನ ಬಗ್ಗೆ ಏನು ಹೇಳಿದ್ದಳೋ ತಿಳಿಯದು. ಅವನು ಗೇಟಿನ ಹತ್ತಿರ ಹೊಸ ಅಂಗಿ ಹಾಕಿ ನಿಂತು, ಯಾರ ಕಾಲು ಪೈಪಿಗೆ ತಾಗುತ್ತದೋ ಎಂದು ಕಾವಲು ಕಾಯುತ್ತಿದ್ದ.

ಸಿಂಧೂರ ಹತ್ತಿಯ ದಾರ ಹಿಡಿದು ನಡೆದಳು. ಒಂದು ಸುತ್ತು, ಎರಡು. ದಾರ ಮಳೆಗೆ ನೆನೆದಿತ್ತು. ಮೂರನೆಯ ಸುತ್ತಿನಲ್ಲಿ ಕಟ್ಟೆಯ ಇಟ್ಟಿಗೆಯ ಮೂಲೆಗೆ ಸಿಕ್ಕಿ ಹರಿಯಿತು. ಅವಳು ನಿಂತಳು. ಹಿಂದೆ ಆ ಮೌನ, ಗುರುತಿನ ಮೌನ, ಮತ್ತೆ ಬಂದು ನಿಂತಿತು. ಅವಳು ಕೈಯಲ್ಲಿದ್ದ ತುದಿಯನ್ನು ನೋಡಿದಳು. ಎಳೆಗಳು ಬಿಚ್ಚಿಕೊಂಡು ಮೆತ್ತಗಿದ್ದವು, ಎಲ್ಲಿಯೂ ಚುಚ್ಚುತ್ತಿರಲಿಲ್ಲ. ಹಿಂದಿನಿಂದ ಒಂದು ಕೈ ಬಂತು. ಸ್ನೇಹಲ್ ಆ ತುದಿಗೆ ತನ್ನ ದಾರದ ತುದಿ ಸೇರಿಸಿ, ಬೆರಳಲ್ಲಿ ಹೊಸೆದು, ಒಂದು ಗಂಟು ಹಾಕಿದಳು. "ಚಲ್, ಚಲ್, ಪಾವೂಸ್ ವಾಢತೋಯ್," ಎಂದು ಬೆನ್ನಿಗೆ ಮೆಲ್ಲಗೆ ತಳ್ಳಿದಳು. ಮಳೆ ಜೋರಾಗುತ್ತಿದೆ, ನಡಿ.

ಏಳು ಸುತ್ತು ಮುಗಿದವು. ಉಳಿದವರು ಬುಡಕ್ಕೆ ನೀರೆರೆದು ಮಳೆಗೆ ಓಡಿದರು. ಸಿಂಧೂರ ತಂಬಿಗೆ ಎತ್ತಿ ಪೈಪಿನ ಬಾಯಿಗೆ, ಕೆಂಪು ಮೊನೆಗೆ ತಾಗದಂತೆ, ತೆಳ್ಳಗೆ ಹೊಯ್ದಳು. ಮಣ್ಣು ಕುಡಿಯಿತು. ಒಳಗೆ ಏನಾಗುತ್ತಿದೆಯೋ ಕಾಣುವಂತಿರಲಿಲ್ಲ. ಸೆರಗು ತಲೆಗೆಳೆದುಕೊಂಡು ಅವಳು ಪೈಪಿನ ಬುಡದ ಹತ್ತಿರ ಅಮ್ಮನಂತೆ ಕುಕ್ಕರಗಾಲಲ್ಲಿ ಕೂತಳು. ಬಹಳ ಹೊತ್ತಿನ ಮೇಲೆ, ಪೈಪು ನೆಲ ಮುಟ್ಟುವಲ್ಲಿ, ಗೋಡೆಯ ಮರೆಯಲ್ಲಿ ಒಣಗಿಯೇ ಇದ್ದ ಇಟ್ಟಿಗೆ ಪುಡಿಯ ಮೇಲೆ ಒಂದು ಸಣ್ಣ ತೇವದ ಕಲೆ ಮೂಡಿತು. ಅದು ಅಂಗೈಯಗಲ ಹರಡುವವರೆಗೆ ನೋಡುತ್ತಿದ್ದು, ಎದ್ದು, ಹುಳಿಗೆ ಬೇಳೆ ಇಡಲು ಮನೆಗೆ ಹೋದಳು.